ಮಂಗ ಬಿದ್ದ ಸುದ್ದಿ

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಅಡಿಕೆ ಸುಗ್ಗಿ ಜೋರಾಗುವ ಹೊತ್ತಿಗೆ ಎಲ್ಲರ ಕಿವಿಯೂ ಒಂದು ಸುದ್ದಿಯ ಕಡೆ ಇರುತ್ತದೆ: ಈ ವರ್ಷ ಮಂಗ ಎಲ್ಲಾದರೂ ಸತ್ತು ಬಿತ್ತೇ? ಬಿದ್ದರೆ ಯಾವ ಬೆಟ್ಟದಲ್ಲಿ, ಎಷ್ಟು, ಮುಸಿಯವೋ ಕೆಂಪು ಮೋರೆಯ ಮಂಗವೋ? ಸುದ್ದಿ ಬೇಗ ಮುಟ್ಟಬೇಕಾದವರಿಗೆ ಬೇಗ ಮುಟ್ಟಿದರೆ ಆ ಊರು ಉಳಿದುಕೊಳ್ಳುತ್ತದೆ. ತಡವಾದರೆ ಜನವರಿ, ಫೆಬ್ರುವರಿಯಲ್ಲಿ ಮನೆಮನೆಯಲ್ಲೂ ಜನ ಜ್ವರ ಬಂದು ಮಲಗುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಕಾಡಿನಂಚಿನಲ್ಲಿ ನರ್ಸಮ್ಮ ಎಂದು ಕರೆಸಿಕೊಂಡು ಓಡಾಡಿದವಳು ನಾನು. ಈ ಜ್ವರದ, ಅಂದರೆ ಮಂಗನ ಕಾಯಿಲೆಯ ಬಗ್ಗೆ, ವೈರಸ್ಸಿನ ಚರಿತ್ರೆ ಬರೆದವರಿದ್ದಾರೆ, ಲಸಿಕೆಯ ಚರಿತ್ರೆ ಬರೆದವರಿದ್ದಾರೆ. ಸುದ್ದಿ ಹೊತ್ತವರ ಚರಿತ್ರೆಯನ್ನು ಯಾರೂ ಒಟ್ಟಿಗೆ ಹೇಳಿದ್ದು ನಾನು ಕಂಡಿಲ್ಲ. ನನಗೆ ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಇದನ್ನು ಮಂಗನ ಕಾಯಿಲೆಗಿಂತ ಹಿಂದಿನಿಂದ ಶುರುಮಾಡಬೇಕು. ಮಲೆನಾಡಿಗೆ ಜ್ವರ ಹೊಸದಲ್ಲ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮಳೆಗಾಲ ಕಳೆದರೆ ಚಳಿಜ್ವರ ಬಾರದ ಮನೆಯೇ ಇರಲಿಲ್ಲ. ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಜ್ವರಗಡ್ಡೆ ಕೈಗೆ ಸಿಗುತ್ತಿತ್ತು. ಬಯಲುಸೀಮೆಯವರು ಈ ಕಡೆ ಹೆಣ್ಣು ಕೊಡಲು ಹೆದರುತ್ತಿದ್ದರಂತೆ. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೇಂದ್ರಗಳನ್ನು ತೆರೆಯಿತು. ಮಲೆನಾಡಿನ ಮೂಡಿಗೆರೆ ಅವುಗಳಲ್ಲಿ ಒಂದು. ಡಿಡಿಟಿ ಬಂದ ಮೇಲೆ, 1953ರಲ್ಲಿ, ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಅಂದಿನ ಅಂದಾಜು. 1958ರಲ್ಲಿ ನಿಯಂತ್ರಣ ಹೋಗಿ ನಿರ್ಮೂಲನೆ ಎಂದಾಯಿತು.

ನಿರ್ಮೂಲನೆಯ ಕಾಲದಲ್ಲಿಯೇ ಖಾಕಿ ಚೀಲದ ಮನುಷ್ಯ ನಮ್ಮ ಹಳ್ಳಿಗಳಿಗೆ ಬಂದದ್ದು. ಹದಿನೈದು ದಿನಕ್ಕೊಮ್ಮೆ ಮನೆ ಮನೆಯ ಬಾಗಿಲು ತಟ್ಟಿ, "ಜ್ವರ ಯಾರಿಗಾದರೂ ಬಂದಿತ್ತೇನ್ರಿ?" ಎಂದು ಕೇಳುವುದು, ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿಕೊಳ್ಳುವುದು, ಕ್ಲೋರೋಕ್ವಿನ್ ಮಾತ್ರೆ ನುಂಗಿಸುವುದು, ಗೋಡೆಯ ಮೇಲಿನ ಸ್ಟೆನ್ಸಿಲ್ ಚೌಕದಲ್ಲಿ ತಾರೀಖು ಬರೆದು ಸಹಿ ಹಾಕಿ ಮುಂದಿನ ಮನೆಗೆ ಹೋಗುವುದು. ನಾನು ಕೆಲಸಕ್ಕೆ ಸೇರಿದಾಗ ನನ್ನ ಮೇಲಿನವರಾಗಿದ್ದ ಹೆಲ್ತ್ ಇನ್‌ಸ್ಪೆಕ್ಟರು ಹೀಗೆ ಮನೆ ಸುತ್ತುವವರಾಗಿಯೇ ನೌಕರಿ ಶುರುಮಾಡಿದವರು. ಕಾಲುಸಂಕ ದಾಟಿ, ಒಂದು ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ ಇರುವ ಕೊಪ್ಪಲುಗಳಲ್ಲಿ ನಡೆದವರು. "ಮದ್ದು ಕೊಟ್ಟಿದ್ದಕ್ಕಿಂತ ಮಾತಾಡ್ಸಿದ್ದಕ್ಕೆ ಜನ ನನ್ನ ನೆನಪಿಟ್ಟುಕೊಂಡ್ರು ಕಣಮ್ಮಾ" ಎನ್ನುತ್ತಿದ್ದರು. ಸರ್ಕಾರದ ಒಬ್ಬ ನೌಕರ ಯಾವ ತೆರಿಗೆಯನ್ನೂ ಕೇಳದೆ, ಯಾವ ದಂಡವನ್ನೂ ಹಾಕದೆ, ನಿಮ್ಮ ಮನೆಯಲ್ಲಿ ಎಲ್ಲರೂ ಹುಷಾರಾಗಿದ್ದೀರಾ ಎಂದು ಕೇಳಲಿಕ್ಕಷ್ಟೇ ಬರುತ್ತಾನೆ ಎನ್ನುವುದು ಈ ಕಾಡುಮೂಲೆಗಳಲ್ಲಿ ಅದೇ ಮೊದಲು.

1965ರ ಹೊತ್ತಿಗೆ ದೇಶದ ಮಲೇರಿಯಾ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವು ಎಂಬ ಭಾವನೆ ಬಂತು, ಮನೆ ಸುತ್ತುವುದು ಸಡಿಲವಾಯಿತು, ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು. 1976ರಲ್ಲಿ ಅರವತ್ತನಾಲ್ಕು ಲಕ್ಷ ಪ್ರಕರಣಗಳು. ಆ ಹನ್ನೊಂದು ವರ್ಷಗಳಲ್ಲಿ ಏನಾಯಿತೆಂಬುದನ್ನು ಆರೋಗ್ಯ ಇಲಾಖೆಗೆ ಸೇರುವ ಪ್ರತಿಯೊಬ್ಬ ಅಧಿಕಾರಿಗೂ ಮೊದಲ ದಿನವೇ ಕಲಿಸಬೇಕು ಎಂದು ನನಗೆ ಅನ್ನಿಸುತ್ತದೆ. ಕಾಯಿಲೆ ಕಡಿಮೆಯಾದಾಗ ನಡೆಯುವವರನ್ನು ಕಡಿಮೆ ಮಾಡುವ ಚಾಳಿ ಇವತ್ತಿಗೂ ಹೋಗಿಲ್ಲ.

ಮಲೇರಿಯಾದವರು ಊರೂರಿಗೆ ಕಾಲಿಡುತ್ತಿದ್ದ ಆ ವರ್ಷಗಳಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. 1957ರ ಬೇಸಿಗೆಯ ಮೊದಲ ದಿನಗಳು. ಮರದಿಂದ ಮುಸಿಯಗಳು ಹಣ್ಣುದುರಿದಂತೆ ಉದುರುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಇದ್ದಕ್ಕಿದ್ದಂತೆ ಜ್ವರ ಬಂದು ಮಲಗಿದರು. ತಲೆ ಸಿಡಿಯುವ ನೋವು, ಸೊಂಟ, ಮೀನಖಂಡ ಹಿಂಡುವ ನೋವು, ಕಣ್ಣು ಕೆಂಪು, ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ವೈದ್ಯರು ಮೊದಲಿಗೆ ಟೈಫಾಯ್ಡ್ ಇರಬಹುದೆಂದುಕೊಂಡಿದ್ದರು. ಮಂಗ ಸಾಯುವುದಕ್ಕೂ ಮನುಷ್ಯರು ಮಲಗುವುದಕ್ಕೂ ಸಂಬಂಧವಿದೆ ಎಂದು ಮೊದಲು ಹೇಳಿದವರು ಹಳ್ಳಿಯ ಜನ. ಮಂಗನ ಕಾಯಿಲೆ ಎಂಬ ಹೆಸರಿಟ್ಟವರೂ ಅವರೇ.

ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದಾರೆ ಎಂಬ ವರದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ ಅಲ್ಲಿ ದೊಡ್ಡ ದಿಗಿಲು ಹುಟ್ಟಿತು. ಆ ಕೇಂದ್ರ 1952ರಲ್ಲಿ ಸ್ಥಾಪನೆಯಾಗಿತ್ತು. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದರೆ ಅದೇ. ಮಂಗನಿಗೂ ಮನುಷ್ಯನಿಗೂ ಒಟ್ಟಿಗೆ ಬರುವ ಕಾಯಿಲೆ ಎಂದರೆ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ. ಅದು ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಇಟ್ಟಿದ್ದೇ ಆದರೆ, ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಎಲ್ಲೆಲ್ಲೂ ಇರುವುದರಿಂದ, ಅನಾಹುತ ಊಹೆಗೂ ಮೀರಿದ್ದು. ಟೆಲ್ಫರ್ಡ್ ವರ್ಕ್ ಅವರ ತಂಡ ಮಾರ್ಚ್‌ನಲ್ಲಿ ಇಲ್ಲಿಗೆ ಬಂತು. ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿದರು. ಹಳದಿ ಜ್ವರ ಅಲ್ಲವೆಂದು ತಿಳಿಯಿತು. ಸೈಬೀರಿಯ ಮೊದಲಾದ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್ ಅದು. ಎಲ್ಲಿಯ ಸೈಬೀರಿಯ, ಎಲ್ಲಿಯ ಸೊರಬ! ವಲಸೆ ಹಕ್ಕಿಗಳ ಮೈಗೆ ಅಂಟಿದ ಉಣುಗಿನ ಜೊತೆ ಬಂತೇ ಎಂಬ ಸಂಶಯ ಹುಟ್ಟಿ, ಅದನ್ನು ಶೋಧಿಸಲೆಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಯೋಜನೆ ಶುರುಮಾಡಿತು. ನಮ್ಮ ದೇಶದ ಹಕ್ಕಿ ವಲಸೆಯ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗಕ್ಕೆ ಮೂಲ ಸೊರಬದ ಒಂದು ಕಾಡಿನಲ್ಲಿ ಬಿದ್ದ ಮಂಗ ಎಂಬುದನ್ನು ಇಲ್ಲಿಯ ಶಾಲೆಗಳಲ್ಲಿಯಾದರೂ ಹೇಳಿಕೊಡಬೇಕು.

ಸಾಗರದಲ್ಲಿ ಒಂದು ಕ್ಷೇತ್ರ ಕೇಂದ್ರ ತೆರೆದರು. ಹೆರಾಲ್ಡ್ ಟ್ರಾಪಿಡೊ, ಕೊಲಂಬಿಯಾದ ಹೋರ್ಗೆ ಬೊಶೆಲ್, ನಮ್ಮವರೇ ಆದ ಪಿ.ಕೆ. ರಾಜಗೋಪಾಲನ್ ಮೊದಲಾದವರು ಇಲ್ಲಿ ಕೆಲಸ ಮಾಡಿದರು. ಪ್ರಯೋಗಾಲಯದ ನೌಕರರಲ್ಲಿ ಎಷ್ಟೋ ಜನ ತಾವೇ ಸೋಂಕಿಗೆ ಸಿಕ್ಕಿ ಮಲಗಿದರು. 1957ರಿಂದ 1964ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ಮಂಗಗಳ ಸಾವು ಅವರ ಲೆಕ್ಕಕ್ಕೆ ಬಂತು. ಈ ಸಂಖ್ಯೆಯನ್ನು ಓದಿದಾಗಲೆಲ್ಲ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಮಂಗ ಸತ್ತದ್ದು ಯಾವ ಉಪಕರಣಕ್ಕೂ ತಿಳಿಯುವುದಿಲ್ಲ. ದನ ಕಾಯುವ ಹುಡುಗನೊಬ್ಬನ ಮೂಗಿಗೆ ನಾತ ಬಡಿಯಬೇಕು. ಅಥವಾ ಸೌದೆಗೆ ಹೋದ ಹೆಂಗಸಿನ ಕಣ್ಣಿಗೆ ಬೀಳಬೇಕು. ಅವರು ಬಂದು ಯಾರಿಗಾದರೂ ಹೇಳಬೇಕು. ಹೇಳಿಸಿಕೊಂಡವರು ಅಷ್ಟಕ್ಕೇ ಬಿಡದೆ ಸಾಗರಕ್ಕೆ ಮುಟ್ಟಿಸಬೇಕು. ಎಷ್ಟೋ ಸಲ ಇದು ನಡೆದಿದೆ, ದೂರವಾಣಿ ಇಲ್ಲದ, ಮಳೆಗಾಲದಲ್ಲಿ ರಸ್ತೆಯೂ ಇಲ್ಲದ ಕಾಲದಲ್ಲಿ. ವಿಜ್ಞಾನಿಗಳ ಹೆಸರುಗಳು ಪುಸ್ತಕದಲ್ಲಿವೆ, ಇರಬೇಕಾದದ್ದೇ. ಸುದ್ದಿ ತಂದವರಲ್ಲಿ ಒಬ್ಬರ ಹೆಸರೂ ನನಗೆ ಎಲ್ಲಿಯೂ ಸಿಗಲಿಲ್ಲ.

ಕಾಯಿಲೆ ನಡೆಯುವ ಬಗೆಯನ್ನು ತಿಳಿಯದಿದ್ದರೆ ಈ ಸುದ್ದಿಗೆ ಯಾಕೆ ಇಷ್ಟು ಬೆಲೆ ಎಂದು ಗೊತ್ತಾಗದು. ವೈರಸ್ ಇರುವುದು ಉಣುಗಿನಲ್ಲಿ, ಕಾಡಿಲಿ, ಸೊಂಡಿಲಿಗಳಲ್ಲಿ. ಅಲ್ಲಿ ಅದು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಉಣುಗು ಮಂಗಕ್ಕೆ ಕಚ್ಚಿದರೆ ಮಾತ್ರ ವೈರಸ್ ವಿಪರೀತ ಹೆಚ್ಚುತ್ತದೆ. ಮಂಗ ಸತ್ತು ಬಿದ್ದ ಕೂಡಲೇ ಅದರ ಮೈಮೇಲಿನ ಉಣುಗುಗಳೆಲ್ಲ ಇಳಿದು ಸುತ್ತಲಿನ ಎಲೆಯ ಹಾಸಿಗೆ ಸೇರುತ್ತವೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಉಣುಗಿನ ಮರಿ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನವೆಂಬರ್, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆಗಲೇ ನಮ್ಮ ಜನ ಕಾಡಿಗೆ ಹೋಗುವ ಕಾಲವೂ. ಕೊಟ್ಟಿಗೆಗೆ, ತೋಟಕ್ಕೆ ದರಗು, ಅಂದರೆ ಒಣಗಿದ ಎಲೆ ಬೇಕು, ಸೌದೆ ಬೇಕು, ಸೊಪ್ಪಿನಬೆಟ್ಟದ ಕೆಲಸ ಇರುತ್ತದೆ. ದರಗು ಗುಡಿಸುವವರು ಬಹುಪಾಲು ಹೆಂಗಸರು. ಬರಿಗಾಲು, ಬರಿಗೈ, ಎಲೆಯ ಕುಕ್ಕೆ ತಲೆಯ ಮೇಲೆ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳು ದನದ ರಕ್ತ ಕುಡಿದೇ ಸಾವಿರ ಸಾವಿರವಾಗುತ್ತವೆ. ಕಾಡು ಕಡಿದು ದನ ಮೇಯಿಸುವ ಜಾಗ ಹೆಚ್ಚಿದಂತೆ, ಲಂಟಾನದ ಪೊದೆ ಬೆಳೆದಂತೆ ಉಣುಗು ಹೆಚ್ಚಿ ಕಾಯಿಲೆ ಹೊರಬಂತು ಎಂದು ಬೊಶೆಲ್ 1969ರಲ್ಲೇ ಬರೆದರು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಮನುಷ್ಯನಿಗೆ ಬಂದರೆ ಅಲ್ಲಿಗೆ ನಿಂತಿತು. ವೈರಸ್ಸನ್ನೇ ಕೊಲ್ಲುವ ಮದ್ದು ಇವತ್ತಿಗೂ ಇಲ್ಲ. ನೀರು, ರಕ್ತ, ಆರೈಕೆಯಿಂದ ಉಳಿಸಿಕೊಳ್ಳಬೇಕು. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ, ಕೆಲವು ವರ್ಷ ಹೆಚ್ಚು.

ಆದ್ದರಿಂದ ಮಂಗ ಬಿದ್ದ ದಿನವೇ ತಿಳಿದರೆ ಮಾಡಬಹುದಾದದ್ದು ಬಹಳವಿದೆ. ಪಶುವೈದ್ಯರು ಬಂದು ಅಂಗಾಂಗದ ಮಾದರಿ ತೆಗೆಯುತ್ತಾರೆ, ಹೆಣ ಸುಡುತ್ತಾರೆ, ಸುತ್ತ ಮಲಾಥಿಯಾನ್ ಪುಡಿ ಚೆಲ್ಲುತ್ತಾರೆ. ಆ ಬೆಟ್ಟಕ್ಕೆ ಹೋಗಬೇಡಿ ಎಂದು ಊರಿಗೆ ಹೇಳುತ್ತಾರೆ. ಹೋಗಲೇಬೇಕಾದವರಿಗೆ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ, ಬಹುಕಾಲ ಅದು ಡಿಎಂಪಿ ಎಣ್ಣೆಯಾಗಿತ್ತು. ಜ್ವರ ಬಂದವರ ಮೇಲೆ ಕಣ್ಣಿಡುತ್ತಾರೆ.

ನಾನು ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ ಮುಗಿಸಿ ಸಾಗರ, ಹೊಸನಗರದ ನಡುವಿನ ಒಂದು ಉಪಕೇಂದ್ರಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. ಆಗ ಎಲ್ಲರ ಬಾಯಲ್ಲೂ ದಕ್ಷಿಣ ಕನ್ನಡದ ಬೆಳ್ತಂಗಡಿಯ ಸುದ್ದಿ. 1982ರ ಕೊನೆಯಿಂದ ಅಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಜಾಗದಲ್ಲಿ ಕಾಯಿಲೆ ಸ್ಫೋಟವಾಗಿ ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತ್ತು. ಕಾಡು ಕಡಿದವರಲ್ಲಿ ಬಹುಮಂದಿ ಕೂಲಿಯವರು, ಸತ್ತವರಲ್ಲೂ ಹೆಚ್ಚಿನವರು ಅವರೇ. ಆ ಸೀಮೆಯಲ್ಲಿದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರ ತಮ್ಮ ಲೇಖನದಲ್ಲಿ ಇದನ್ನು ಅಭಿವೃದ್ಧಿಯೇ ತಂದ ಕಾಯಿಲೆ ಎಂದರು. ಊರವರು ಭೂತದ ಕಾಡಿಗೆ ಕೊಡಲಿ ಹಾಕಿದ್ದಕ್ಕೆ ಭೂತ ಮುನಿಯಿತು ಎನ್ನುತ್ತಿದ್ದರು. ಎರಡೂ ಮಾತು ಕಾಡಿಗೆ ಕೊಡಲಿ ಬಿದ್ದ ಕಡೆಗೇ ಬೆರಳು ತೋರಿಸುತ್ತವೆ.

ಗುಡ್ಡಗಾಡಿನಲ್ಲಿ ಮೂರು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬುದು ಲೆಕ್ಕ. ಬಯಲುಸೀಮೆಯ ಒಂದೇ ಊರಿನಲ್ಲಿ ಸಿಗುವ ಅಷ್ಟು ಜನ ನಮ್ಮಲ್ಲಿ ಇಪ್ಪತ್ತು, ಮೂವತ್ತು ಕಡೆ ಚದುರಿರುತ್ತಾರೆ. ಗರ್ಭಿಣಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ಸಂತಾನಹರಣ ಆಪರೇಷನ್ನಿನ ಗುರಿ, ಹೆರಿಗೆ, ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಮಂಗನ ಕಾಯಿಲೆ. ಜ್ವರದವರ ರಕ್ತ ತೆಗೆದು ಐಸ್ ಇಟ್ಟ ಡಬ್ಬಿಯಲ್ಲಿಟ್ಟು, ಬಸ್ ನಿಲ್ಲುವ ಕಡೆಗೆ ನಡೆದು, ಕಂಡಕ್ಟರ್ ಕೈಗೆ ಒಪ್ಪಿಸುತ್ತಿದ್ದೆವು. "ಅಣ್ಣಾ, ಬಿಸಿಲಿಗೆ ಇಡಬೇಡಿ, ಕಾಲಡಿ ಇಡಿ" ಎಂದು ಹೇಳಿದರೆ ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ. ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಅದು ಮುಟ್ಟಿ, ಎಳೆಯ ಇಲಿಮರಿಗಳಿಗೆ ಚುಚ್ಚಿ ನೋಡಿ ಫಲಿತಾಂಶ ಹೇಳುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. ಅಷ್ಟರಲ್ಲಿ ರೋಗಿ ಗುಣವಾಗಿರುತ್ತಿದ್ದರು, ಇಲ್ಲವೇ ಹೋಗಿರುತ್ತಿದ್ದರು. ಹಾಗಾಗಿ ನಾವು ಫಲಿತಾಂಶಕ್ಕೆ ಕಾಯುತ್ತಿರಲಿಲ್ಲ. ಮಂಗ ಬಿದ್ದ ಬೆಟ್ಟದ ಕೆಳಗಿನ ಮನೆಯಲ್ಲಿ ಕಣ್ಣು ಕೆಂಪಾದ ಜ್ವರ ಕಂಡರೆ ಅದೇ ಎಂದುಕೊಂಡು ಜೀಪಿಗೆ ಹೇಳಿ ಕಳಿಸುತ್ತಿದ್ದೆವು.

ಮಂಗ ಬಿದ್ದದ್ದನ್ನು ಜನ ಸುಮ್ಮನೆ ಹೇಳಿಬಿಡುವುದಿಲ್ಲ ಎಂಬುದು ಕೆಲಸದಲ್ಲಿ ಕಲಿತ ಮೊದಲ ಪಾಠ. ಮಂಗ ಎಂದರೆ ಹನುಮಂತ. ಸತ್ತರೆ ಹೂ ಹಾಕಿ ಹೂಳುವವರಿದ್ದಾರೆ. ಅದನ್ನು ಕೊಯ್ದು ಮಾದರಿ ತೆಗೆಯುತ್ತಾರೆಂದರೆ ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಕಡೆ, ಮಂಗಗಳಿಂದ ಏಲಕ್ಕಿ, ಬಾಳೆ, ಎಳೆ ಅಡಿಕೆ ಕಳೆದುಕೊಂಡ ರೈತ, ಕೋವಿ ಇಟ್ಟುಕೊಂಡವನು, ಸತ್ತ ಮಂಗದ ಸುದ್ದಿ ಹೇಳಿದರೆ ತನ್ನ ಮೇಲೇ ಅನುಮಾನ ಬಂದೀತು ಎಂದು ಹೆದರುತ್ತಾನೆ. ಬಗರ್‌ಹುಕುಂ ಸಾಗುವಳಿದಾರನಿಗೆ ಅರಣ್ಯದವರ ಖಾಕಿ ಬಟ್ಟೆ ಊರಿಗೆ ಬರುವುದೇ ಬೇಡ. ಬೆಟ್ಟಕ್ಕೆ ಹೋಗಬೇಡಿ ಎಂದುಬಿಟ್ಟರೆ ದರಗು ಎಲ್ಲಿಂದ ತರುವುದು ಎಂಬ ಚಿಂತೆ ಹೆಂಗಸರಿಗೆ. ಇಷ್ಟೆಲ್ಲ ಅಡ್ಡಗೋಡೆ ದಾಟಿ ಸುದ್ದಿ ಬರಬೇಕೆಂದರೆ, ಹೇಳಿಸಿಕೊಳ್ಳುವವರು ತಮ್ಮವರಾಗಿರಬೇಕು. ಒಮ್ಮೆ ದೀವರ ಕೇರಿಯಲ್ಲಿ ಬಾಣಂತಿಯನ್ನು ನೋಡಿ ಹೊರಡುವಾಗ ಅವಳ ಅತ್ತೆ ಹಿತ್ತಲಿನವರೆಗೂ ಬಂದು, ಸುತ್ತ ನೋಡಿ, "ಅಮ್ಮಾ, ಸೊಪ್ಪಿನಬೆಟ್ಟದಾಗೆ ಎರಡು ಮುಸಿಯ ಬಿದ್ದಾವೆ. ನಾ ಹೇಳ್ದೆ ಅನ್ನಬ್ಯಾಡಿ" ಎಂದರು. ಆ ಮನೆಯ ಮೂರು ಹೆರಿಗೆಗೆ ನಾನಿದ್ದೆ. ಆ ವರ್ಷ ಆ ಕೇರಿಯಲ್ಲಿ ಒಂದು ಸಾವೂ ಆಗಲಿಲ್ಲ. ಹೆರಿಗೆಯ ಕೆಲಸ ಬೇರೆ, ಮಂಗನ ಕಾಯಿಲೆಯ ಕೆಲಸ ಬೇರೆ ಎಂದು ನಮೂನೆಗಳಲ್ಲಿ ಬೇರೆ ಬೇರೆ ಅಂಕಣ ಇರುತ್ತದೆ. ಊರಿನಲ್ಲಿ ಎರಡೂ ಒಂದೇ ವಿಶ್ವಾಸದ ಮೇಲೆ ನಡೆಯುವ ಕೆಲಸ.

ಇನ್ನು ಲಸಿಕೆಯ ಮಾತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆ ಅದು. 1990ರಿಂದ 1992ರವರೆಗೆ ನಮ್ಮ ಸೀಮೆಯಲ್ಲಿ ದೊಡ್ಡದಾಗಿ ಪರೀಕ್ಷೆಯಾಯಿತು. ಒಂದು ಡೋಸಿಗೆ ನೂರಕ್ಕೆ 79.3, ಎರಡು ಡೋಸಿಗೆ 93.5ರಷ್ಟು ರಕ್ಷಣೆ ಎಂದು ವರದಿ ಬಂತು. ಆ ಮೇಲೆ 2005ರಿಂದ 2010ರವರೆಗಿನ ಅಂಕಿಅಂಶ ನೋಡಿದಾಗ ಎರಡು ಡೋಸಿಗೆ 62.4, ಬೂಸ್ಟರ್ ಸೇರಿದರೆ 82.9 ಎಂದಾಯಿತು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಚುಚ್ಚಿಸಿಕೊಂಡ ತೋಳು ಉರಿಯುತ್ತದೆ, ಊದುತ್ತದೆ. ಎರಡು ದಿನ ಕೂಲಿ ತಪ್ಪುತ್ತದೆ. ಮೊದಲ ಡೋಸಿಗೆ ಸಾಲುನಿಂತವರು ಎರಡನೆಯದಕ್ಕೆ ಕಾಣುತ್ತಿರಲಿಲ್ಲ. ಮನೆಗೆ ಹೋದರೆ ಹಿಂಬಾಗಿಲಿನಿಂದ ತೋಟಕ್ಕೆ ಇಳಿದಿರುತ್ತಿದ್ದರು. ಅವರನ್ನು ಬೈಯಲು ನನಗೆ ಎಂದೂ ಮನಸ್ಸಾಗಲಿಲ್ಲ. ಅಷ್ಟು ನೋವು, ಅಷ್ಟು ಸಲ, ಸುಗ್ಗಿಯ ಕೂಲಿ ಬಿಟ್ಟು ತೆಗೆದುಕೊಳ್ಳಿ ಎಂದು ಹೇಳುವುದು ಸುಲಭ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರ ಹಿಂದೆ ಆಶಾ ಕಾರ್ಯಕರ್ತೆಯರು ಬಂದರು. ಊರಿನವರೇ ಊರಿನ ಆರೋಗ್ಯ ನೋಡಿಕೊಳ್ಳಬೇಕೆಂಬ ವಿಚಾರ ಹಳೆಯದು. 1977ರ ಅಕ್ಟೋಬರ್ 2ರಂದು ಬಹುತೇಕ ರಾಜ್ಯಗಳಲ್ಲಿ ತಿಂಗಳಿಗೆ ಐವತ್ತು ರೂಪಾಯಿಯ ಆರೋಗ್ಯ ಕಾರ್ಯಕರ್ತರ ಯೋಜನೆ ಶುರುವಾಗಿತ್ತು. ಹೆಸರು ಬದಲಾಯಿಸುತ್ತಾ ಹೋಗಿ ಕ್ಷೀಣಿಸಿತು. ಆಶಾ ಉಳಿದುಕೊಂಡಿತು. ಸಾವಿರ ಜನಕ್ಕೆ ಒಬ್ಬಳು, ಆ ಊರಿನ ಸೊಸೆ, ಅಲ್ಲೇ ವಾಸ. ನಾನು ವಾರಕ್ಕೊಮ್ಮೆಯೂ ಮುಟ್ಟಲಾರದಿದ್ದ ಕೊಪ್ಪಲಿನಲ್ಲಿ ಅವಳು ದಿನಾ ನೀರು ಸೇದುತ್ತಾಳೆ. ದರಗಿಗೆ ಅವಳೂ ಹೋಗುತ್ತಾಳೆ, ಉಣುಗು ಅವಳಿಗೂ ಕಚ್ಚುತ್ತದೆ. ಸುದ್ದಿ ಈಗ ಅವಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಬಾವಿಕಟ್ಟೆಯಲ್ಲೇ ಸಿಗುತ್ತದೆ. ನನ್ನ ವ್ಯಾಪ್ತಿಯಲ್ಲಿ ಆಶಾ ನೇಮಕವಾದ ಮೇಲೆ ಮಂಗ ಬಿದ್ದ ದಿನ ಮತ್ತು ನನಗೆ ತಿಳಿದ ದಿನದ ನಡುವಿನ ಅಂತರ ಕಣ್ಣಿಗೆ ಕಾಣುವಂತೆ ಕಡಿಮೆಯಾಯಿತು. ಮೊಬೈಲು ಬಂದದ್ದೂ ನೆರವಾಯಿತು, ನೆಟ್‌ವರ್ಕ್ ಸಿಗುವ ದಿಬ್ಬದವರೆಗೆ ಹತ್ತಬೇಕಾಗಿತ್ತು ಅಷ್ಟೆ. 2012ರ ಹೊತ್ತಿಗೆ ಪಿಸಿಆರ್ ಪರೀಕ್ಷೆಯೂ ಬಂದು, ವಾರಗಳ ಫಲಿತಾಂಶ ದಿನಗಳಿಗೆ ಇಳಿಯಿತು.

ಅದೇ 2012ರಲ್ಲಿ ಕಾಯಿಲೆ ಬಂಡೀಪುರದಲ್ಲಿ ಕಾಣಿಸಿತು. ಆಮೇಲೆ ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗ. ಒಂದು ತಾಲ್ಲೂಕಿನದೆಂದು ಹೆಸರು ಪಡೆದ ಕಾಯಿಲೆ ಪಶ್ಚಿಮ ಘಟ್ಟದ ಉದ್ದಕ್ಕೂ ಹರಡಿತು.

ನಂತರ 2018ರ ಕೊನೆ, 2019ರ ಆರಂಭ. ಸಾಗರ ತಾಲ್ಲೂಕಿನ ಅರಳಗೋಡು, ಶರಾವತಿ ಕಣಿವೆಯ ಅಭಯಾರಣ್ಯದ ಅಂಚಿನ ಊರು. ಹತ್ತಕ್ಕೂ ಹೆಚ್ಚು ಜನ ಹೋದರು. ಹಳ್ಳಿಯವರು ಮನೆಗೆ ಬೀಗ ಹಾಕಿ ನೆಂಟರ ಊರಿಗೆ ಹೊರಟರು. ಕಾಯಿಲೆ ಬಿದ್ದವರನ್ನು ಮಣಿಪಾಲಕ್ಕೆ ಸಾಗಿಸಿದರು. ಲಸಿಕೆ ಹಾಕುವ ಪದ್ಧತಿ ಹಿಂದೆ ಕಾಯಿಲೆ ಕಂಡ ಜಾಗದ ಸುತ್ತ ಐದು ಕಿಲೋಮೀಟರ್ ಎಂದಿತ್ತು. ಅರಳಗೋಡು ಆ ವೃತ್ತಗಳಿಂದ ಹೊರಗಿತ್ತು. ಹಳೆಯ ನಕ್ಷೆ ನೋಡಿಕೊಂಡು ಹೊಸ ಕಾಯಿಲೆಗೆ ಕಾಯುವುದು ಎಷ್ಟು ಅಪಾಯವೆಂದು ಅಂದು ಜಿಲ್ಲೆಗೆಲ್ಲ ಗೊತ್ತಾಯಿತು. ನನ್ನನ್ನು ಇವತ್ತಿಗೂ ಕಾಡುವುದು ಬೇರೆ. ಕಾಯಿಲೆಯನ್ನು ಹಿಂದೆ ನೋಡದ ಊರಿನಲ್ಲಿ ಬಿದ್ದ ಮಂಗಕ್ಕೆ ಅರ್ಥವೇ ಇರುವುದಿಲ್ಲ. ಸೊರಬ, ಹೊಸನಗರದ ಹಳೆಯ ಹಳ್ಳಿಗಳಲ್ಲಿ ಅಜ್ಜಿಯೂ ಅದನ್ನು ಕಂಡರೆ ಮೊಮ್ಮಗನನ್ನು ಕೂಗಿ ಹಿಂದಕ್ಕೆ ಕರೆಯುತ್ತಾಳೆ. ಆ ಅರಿವು ಲಸಿಕೆಯ ಹಾಗೆ ಡಬ್ಬಿಯಲ್ಲಿ ತಂದು ಒಂದು ದಿನದಲ್ಲಿ ಕೊಡುವಂಥದ್ದಲ್ಲ. ಮನೆ ಮನೆಗೆ ಹೋಗಿ, ಕಾಯಿಲೆ ಇಲ್ಲದ ವರ್ಷಗಳಲ್ಲೂ ಹೇಳುತ್ತಾ ಇರುವವರು ಬೇಕು.

ಮರುವರ್ಷವೇ ಕೊರೋನಾ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಮಲೆನಾಡಿನಲ್ಲಿ ಎರಡು ಜ್ವರ ಒಟ್ಟಿಗೆ ಇದ್ದವು. ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ನನ್ನ ಜೊತೆ ಕೆಲಸ ಮಾಡಿದ ಆಶಾಗಳು ಬೆಳಿಗ್ಗೆ ಬೆಂಗಳೂರಿನಿಂದ ಬಂದವರ ಪಟ್ಟಿ ಮಾಡುತ್ತಿದ್ದರು, ಮಧ್ಯಾಹ್ನ ಡಿಎಂಪಿ ಎಣ್ಣೆ ಹಂಚುತ್ತಿದ್ದರು. ಒಬ್ಬಳು ಫೋನು ಮಾಡಿ, "ಅಕ್ಕಾ, ಜ್ವರ ಅಂದ್ರೆ ಈಗ ಜನ ಬಾಗಿಲೇ ತೆಗೀತಿಲ್ಲ, ಕ್ವಾರಂಟೈನಿಗೆ ಹಾಕ್ತಾರೆ ಅಂತ ಮುಚ್ಚಿಡ್ತಿದಾರೆ. ಮಂಗನ ಕಾಯಿಲೆ ಜ್ವರಾನ ಹ್ಯಾಗೆ ಹುಡುಕಲಿ?" ಎಂದು ಕೇಳಿದಳು. ಕಿಟಕಿಯ ಹೊರಗೆ ನಿಂತು ಮಾತಾಡಿಸು, ನಿನ್ನ ದನಿ ಅವರಿಗೆ ಗೊತ್ತು ಎಂದೆ. ಹಾಗೇ ಮಾಡಿದಳು. ಆ ಜುಲೈನಲ್ಲಿ ರಾಜ್ಯದ ಸುಮಾರು 42 ಸಾವಿರ ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ನಿಗದಿತ ಗೌರವಧನ ಕೇಳಿ ಮುಷ್ಕರ ಹೂಡಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರೇ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿ ಹೋರಾಡಿ, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದರು.

ಈ ನಡುವೆ, 2022ರಲ್ಲಿ, ಲಸಿಕೆ ನಿಂತಿತು. ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಲಸಿಕೆಯಲ್ಲಿ ಇರಬೇಕಾದಷ್ಟು ಶಕ್ತಿ ಇಲ್ಲವೆಂದು ಕಂಡುಬಂದು ಅದನ್ನು ಕೊಡುವುದನ್ನೇ ಬಿಟ್ಟರು. ಹೊಸ ಲಸಿಕೆಯ ಕೆಲಸ ನಡೆದಿದೆ, ಬೇಗ ಬರಲಿ. ಎಣ್ಣೆಯಲ್ಲಿಯೂ ಬದಲಾವಣೆಯಾಗಿ, ಡಿಆರ್‌ಡಿಓ ರೂಪಿಸಿದ ಡೆಪಾ ಬಂದಿದೆ. ಆದರೆ ಲಸಿಕೆ ಇಲ್ಲದ ಈ ವರ್ಷಗಳಲ್ಲಿ, 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಕಡೆ, ಶಿವಮೊಗ್ಗ, ಚಿಕ್ಕಮಗಳೂರಿನಲ್ಲಿ ಕಾಯಿಲೆ ಮತ್ತೆ ಎದ್ದಾಗ, ನಮ್ಮ ಕೈಯಲ್ಲಿ ಇದ್ದದ್ದು 1957ರಲ್ಲಿ ಇದ್ದದ್ದೇ: ಮಂಗ ಬಿದ್ದದ್ದನ್ನು ನೋಡುವ ಕಣ್ಣು, ಅದನ್ನು ಹೇಳಬಹುದಾದ ಒಬ್ಬ ನಂಬುಗೆಯ ಮನುಷ್ಯ, ಆ ಮನುಷ್ಯನ ಮಾತನ್ನು ಕೇಳುವ ಒಬ್ಬ ವೈದ್ಯ. ಅರವತ್ತೇಳು ವರ್ಷಗಳಲ್ಲಿ ಬದಲಾಗಿರುವುದು ಇಷ್ಟು: ಆಗ ಆ ಸುದ್ದಿ ಹೊತ್ತವರಿಗೆ ಹೆಸರೇ ಇರಲಿಲ್ಲ, ಈಗ ಗುಲಾಬಿ ಸೀರೆಯ ಸಮವಸ್ತ್ರವಿದೆ, ಗುರುತಿನ ಚೀಟಿಯಿದೆ. ನೌಕರಿ ಇಲ್ಲ, ಪಿಂಚಣಿ ಇಲ್ಲ. ಉಣುಗು ಕಚ್ಚಿ ಅವಳೇ ಮಲಗಿದ ತಿಂಗಳು ಪ್ರೋತ್ಸಾಹಧನವೂ ಕಡಿಮೆ. ಇದು ಅನ್ಯಾಯ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಅನ್ಯಾಯದ ಮಾತು ಒತ್ತಟ್ಟಿಗಿರಲಿ, ಬುದ್ಧಿವಂತಿಕೆಯೂ ಅಲ್ಲ. ಮಲೇರಿಯಾದ ಖಾಕಿ ಚೀಲದವರನ್ನು ಹಗುರವಾಗಿ ಕಂಡ ಹನ್ನೊಂದು ವರ್ಷದಲ್ಲಿ ಒಂದು ಲಕ್ಷ ಅರವತ್ತನಾಲ್ಕು ಲಕ್ಷವಾಯಿತು.

ಇದನ್ನು ಓದುತ್ತಿರುವ ನೀವು ಘಟ್ಟದ ಯಾವ ಮೂಲೆಯವರೇ ಆಗಿರಲಿ, ನವೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಡಿ, ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹೂಳಬೇಡಿ, ಅದೇ ದಿನ ನಿಮ್ಮ ಆಶಾಗೆ ಹೇಳಿ. ಮಂಗ ಬಿದ್ದದ್ದನ್ನು ಹೇಳಿದ್ದಕ್ಕೆ ಯಾರ ಮೇಲೂ ಕೇಸು ಹಾಕುವುದಿಲ್ಲ ಎಂದು ಅರಣ್ಯದವರು ಪ್ರತಿ ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಇನ್ನೂ ಒಂದು ಪ್ರಶ್ನೆ ನೀವು ಎದ್ದು ಕೇಳಬೇಕು: ನಮ್ಮೂರಿನ ಆಶಾಗೆ ಈ ತಿಂಗಳ ದುಡ್ಡು ಬಂದಿದೆಯೇ?